ಸಮುದ್ರದ ಕಡೆಗಿನ ಹೊಲಗಳು

ಪ್ರಿನ್ಸ್‌ಟನ್ನಿನ ನಕ್ಷೆ ಆಫೀಸಿನಿಂದ ಮನ್ರೋದ ವೃದ್ಧಾಶ್ರಮಕ್ಕೆ ಡ್ರೈವ್ ಮಾಡುವಷ್ಟರಲ್ಲೇ ರಝಿಯಾಗೆ ಸಾಕುಸಾಕಾಗಿತ್ತು. ಐರ್ಲೆಂಡಿನ ಒಂದು ಗುಡ್ಡದ ಹೊಲ, ಬಾವಿ, ಬಂಡೆಗಳಿಗಿದ್ದ, ಅಲ್ಲಿನ ಗೇಲಿಕ್ ಭಾಷೆಯ ಹೆಸರುಗಳನ್ನೂ ಅವು ಹೇಗೆ ಬಂದವೆಂಬುದನ್ನೂ ರೆಕಾರ್ಡ್ ಮಾಡಿಕೊಳ್ಳುವುದು ಅವಳ ಕೆಲಸ. ಗುಡ್ಡದಲ್ಲಿ ಈಗ ನರಪಿಳ್ಳೆಯೂ ಇಲ್ಲ. ಹೆಸರು ಬಲ್ಲವರಲ್ಲಿ ಉಳಿದಿದ್ದು, ಅಲ್ಲಿ ಹುಟ್ಟಿ ಬೆಳೆದು ವಲಸೆ ಬಂದ, ಈ ಆಶ್ರಮದ ನೋರಾ ಒಬ್ಬಳೇ.

ಬಂದಾಗಲೆಲ್ಲ ರಝಿಯಾ ಲ್ಯಾಪ್‌ಟಾಪಿನಲ್ಲಿ ಉಪಗ್ರಹದ ಚಿತ್ರ ತೆರೆದು, ಒಂದೊಂದೇ ಹಸಿರು ಚೌಕದ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು. ಮುದುಕಿ ಪಿಳಿಪಿಳಿ ಕಣ್ಣು ಬಿಟ್ಟು, "ಗೊತ್ತಿಲ್ಲಮ್ಮ" ಎನ್ನುತ್ತಿದ್ದಳು. ಹೋದ ಸಲ ರೋಸಿಹೋಗಿ, ಪಾರ್ಕಿಂಗ್‌ನಲ್ಲಿ ಸಿಕ್ಕ ನೋರಾಳ ಮಗ ಡೆನಿಸ್‌ಗೆ, "ನಿಮ್ಮ ತಾಯಿಗೆ ಏನೂ ನೆನಪಿಲ್ಲ" ಎಂದುಬಿಟ್ಟಿದ್ದಳು.

ಅದರ ಫಲ ಇವತ್ತು ಕೌಂಟರಿನಲ್ಲಿ ತಿಳಿಯಿತು. ನೋರಾಳನ್ನು ಮೇಲಿನ ಮಹಡಿಗೆ ಹಾಕಿದ್ದಾರೆ. ಅದು ಮರೆವಿನವರ ಮಹಡಿ, ಬಾಗಿಲಿಗೆ ನಂಬರಿನ ಬೀಗ. ರಝಿಯಾ ಆಫೀಸಿನ ಶ್ರೀಕರ್‌ಗೆ ಫೋನ್ ಮಾಡಿದಳು.

"ಅಯ್ಯೋ, ಕ್ಲೋಸ್ ಮಾಡ್ಬಿಡಿ ರಝಿಯಾ. ನಾಟ್ ರಿಮೆಂಬರ್ಡ್ ಅಂತ ಹಾಕಿ, ನೆಕ್ಸ್ಟ್ ಸೈಟ್ ನೋಡೋಣ" ಎಂದ ಅವನು.

ಲ್ಯಾಪ್‌ಟಾಪನ್ನು ಕಾರಿನಲ್ಲೇ ಬಿಟ್ಟು, ಹೆಸರು ಕೇಳಲಲ್ಲ, ಒಮ್ಮೆ ನೋಡಿ ಬರಲೆಂದು ರಝಿಯಾ ಬರಿಗೈಯಲ್ಲಿ ಮೇಲೆ ಹೋದಳು.

"ಆ ಪೆಟ್ಟಿಗೆ ತಂದಿಲ್ಲವಾ? ಬದುಕಿದೆ" ಎಂದಳು ನೋರಾ. "ಬಾ, ಕೂತು ಕೂತು ಕಾಲು ಜೋಮು ಹಿಡಿದಿದೆ."

ವಾಕರ್ ನೂಕುತ್ತ ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಹಾಕಿದವಳೇ, "ಪಾರ್ಕ್ ನ ಗಾಪಲ್" ಎಂದಳು. "ಕುದುರೆಗಳ ಹೊಲ. ನಮ್ಮಪ್ಪನ ಕಾಲಕ್ಕೇ ಅಲ್ಲಿ ಕುದುರೆ ಇರಲಿಲ್ಲ." ಇನ್ನಷ್ಟು ಮುಂದೆ, "ಗೊರ್ಟ್ ಅನ್ ಟೊಬಿರ್. ಬಾವಿ ಹೊಲ. ಬೇಸಿಗೆಯಲ್ಲಿ ಇಡೀ ಊರೇ ಇಲ್ಲಿ ಕೊಡ ಹಿಡಿದು ನಿಲ್ಲೋದು."

ರಝಿಯಾ ತಡಬಡಿಸಿ ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿದಳು. "ಅವತ್ತು ಗೊತ್ತಿಲ್ಲ ಅಂದ್ರಲ್ಲ?"

"ನೀನು ಮೇಲಿಂದ ತೋರಿಸಿದೆ. ನಾನೇನು ಹದ್ದಾ? ಹಸು ಹೊಡ್ಕೊಂಡು ಹೋಗ್ತಾ ಕಲಿತದ್ದು. ನಡೆದರೆ ಬರುತ್ತೆ."

ನಿಜಕ್ಕೂ ಬಂತು. ಮನೆಯಿಂದ ಸಮುದ್ರದ ಕಡೆಗೆ, ಒಂದೂ ತಪ್ಪದೆ. ಅಷ್ಟರಲ್ಲಿ ಬೀಗದ ಬಾಗಿಲು ಎದುರಾಯಿತು.

"ಇನ್ನೂ ಅರ್ಧ ಗುಡ್ಡ ಇದೆ. ತೆಗೆ" ಎಂದಳು ನೋರಾ.

ಮಗನ ಒಪ್ಪಿಗೆಯಿಲ್ಲದೆ ಆಗುವುದಿಲ್ಲವೆಂದಳು ಬಾಗಿಲ ಬಳಿಯಿದ್ದ ನರ್ಸ್. ರಝಿಯಾ ಅಲ್ಲಿಂದಲೇ ಡೆನಿಸ್‌ಗೆ ಫೋನ್ ಮಾಡಿದಳು. "ನಾನು ಹೇಳಿದ್ದು ತಪ್ಪು. ಅವರಿಗೆ ಎಲ್ಲಾ ನೆನಪಿದೆ."

ಅತ್ತಲಿನ ದನಿಯೂ ದಣಿದಿತ್ತು. "ಮನಸ್ಸು ಗಟ್ಟಿ ಮಾಡೋಕೆ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಕೊನೆಗೆ ನಿಮ್ಮ ಮಾತು ಕೇಳಿಯೇ ಒಪ್ಪಿದ್ದು. ಕೆಳಗಿನ ರೂಮಿಗೆ ಬೇರೆಯವರು ಬಂದೂ ಆಯ್ತು. ದಯವಿಟ್ಟು ಮತ್ತೆ ಶುರು ಮಾಡಬೇಡಿ." ಫೋನ್ ಇಟ್ಟುಬಿಟ್ಟ.

"ಏನಂದ?" ಎಂದಳು ನೋರಾ.

ಸುಳ್ಳು ಹೇಳುವಷ್ಟು ತ್ರಾಣವೂ ರಝಿಯಾಗೆ ಉಳಿದಿರಲಿಲ್ಲ. "ನಿಮಗೆ ಏನೂ ನೆನಪಿಲ್ಲ ಅಂತ ಅವರಿಗೆ ಹೇಳಿದ್ದು ನಾನೇ."

ನೋರಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿಧಾನವಾಗಿ ವಾಕರನ್ನು ರೂಮಿನ ಕಡೆಗೆ ತಿರುಗಿಸಿಕೊಂಡಳು.

"ಹಾಗಿದ್ದರೆ ಉಳಿದ ಹೊಲಗಳ ಮುಂದೆಯೂ 'ನೆನಪಿಲ್ಲ' ಅಂತಲೇ ಬರೆದುಕೋ" ಎಂದಳು.