ಯಾರು ಎಂಬ ಕಾಲಂ

ಫ್ಯಾನಿನ ಗಾಳಿಗೆ ಕಾಗದದ ಲೋಟ ತಾನಾಗಿಯೇ ಸರಿಯಿತು, ಓ, ಚಹಾ ಮುಗಿದಿದೆ, ಮುಗಿಯಲಿ, ಸರ್ವರ್ ಮತ್ತೆ ಎದ್ದು ಒಂದು ಗಂಟೆಯಾಯಿತು, ನನ್ನ ಲಾಗ್ ಸಾಲುಗಳು, ಯಂತ್ರಗಳ ದಿನಚರಿ, ಆಹಾ, ಒಂದರ ಕೆಳಗೊಂದು ಇಳಿದು ಬರುತ್ತಿವೆ, ಯಾವಾಗ, ಯಾವ ಯಂತ್ರ, ಯಾರು, ಏನು ಮಾಡಿದರು, ಎಲ್ಲಕ್ಕೂ ಅದರದರ ಕಾಲಂ — ಮೂರು ತಿಂಗಳು ಕೂತು ಮಾಡಿಸಿದ್ದು. ಮೊದಲು ಪ್ರೋಗ್ರಾಮರುಗಳು ತೋಚಿದ್ದು ಗೀಚುತ್ತಿದ್ದರು, ಇಲ್ಲಿವರೆಗೂ ಬಂತು, ಇಲ್ಲಿವರೆಗೂ ಬಂತು ಎರಡು, ಅಯ್ಯೋ ಇದು ಆಗಬಾರದಿತ್ತು — ಎಲ್ಲಿವರೆಗಪ್ಪಾ, ಯಾವುದು ಆಗಬಾರದಿತ್ತು? ಪಕ್ಕದ ಮೇಜಿನ ಉದ್ದಣ್ಣ ನಗುತ್ತಿದ್ದ, ಏನಕ್ಕಾ, ಯಂತ್ರದ ಕೈಲೂ ಅರ್ಜಿ ಫಾರಂ ತುಂಬಿಸ್ತೀರಾ, ಹೂಂ ಕಣೋ, ನಿನ್ನ ಕೈಲೂ ತುಂಬಿಸ್ತೀನಿ.

ಹತ್ತು ಗಂಟೆಗೆ ಡಿಸ್ಕ್ ತುಂಬಿ ಸರ್ವರ್ ನಿಂತಾಗ ಎಲ್ಲರೂ ತಿರುಗಿದ್ದು ಹೊಸ ಹುಡುಗಿಯ ಕಡೆಗೆ, ಪಾಪ, ಅವಳ ಆರು ತಿಂಗಳ ಪರೀಕ್ಷಾವಧಿ ಇವತ್ತಿಗೇ ಮುಗಿಯಬೇಕೆ, ನಾಲ್ಕಕ್ಕೆ ಮ್ಯಾನೇಜರ್ ಕರೆದು ಇರು ಅನ್ನಬೇಕು, ಇಲ್ಲ ಹೋಗು ಅನ್ನಬೇಕು. ನಿನ್ನೆ ಲಾಗ್ ಜಾಸ್ತಿ ಬರೆಯೋ ಹಾಗೆ ಮಾಡಿದ್ದು ನೀನೇ ತಾನೆ, ಅಂದರು ಮ್ಯಾನೇಜರ್, ಮಾಡಿದ್ದೆ ಸರ್, ಆದ್ರೆ, ಆದ್ರೆ ಗೀದ್ರೆ ಬೇಡಮ್ಮ. ಅವಳು ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ಸುತ್ತುತ್ತಾ ನಿಂತಳು, ಬೆರಳ ತುದಿ ಬೆಳ್ಳಗಾಯಿತು — ತಮ್ಮನೂ ಹಾಗೇ, ಅಂಗಿಯ ದಾರ ಸುತ್ತುತ್ತಿದ್ದ, ಕಿಟಕಿಯ ಗಾಜು ಒಡೆದವಳು ನಾನು, ಗೋಡೆಗೆ ಮುಖ ಮಾಡಿ ನಿಂತವನು ಅವನು, ಯಾರು ಮಾಡಿದ್ದು ಹೇಳ್ರೋ ಅಂದಳು ಅಮ್ಮ, ನಾನು ತುಟಿ ಬಿಚ್ಚಲಿಲ್ಲ, ಇವತ್ತಿಗೂ ಫೋನಿನಲ್ಲಿ ರೇಗಿಸುತ್ತಾನೆ, ಅಕ್ಕಾ, ಈಗಲಾದ್ರೂ ಒಪ್ಕೋ.

ಈಗ ಊಹೆ ಯಾಕೆ, ಕಾಲಂ ಇದೆಯಲ್ಲ. ಒಂದು ವಾರದಲ್ಲಿ ಸೆಟ್ಟಿಂಗ್ ಬದಲಿಸಿದವರು ಯಾರು, ಅಷ್ಟೇ ಕೇಳಿದೆ, ಲಕ್ಷ ಸಾಲು ಸೋಸಿ ಎರಡು ಉಳಿದವು. ಹುಡುಗಿಯದು ಒಂದು, ಯಂತ್ರ: ಪ್ರಯೋಗದ್ದು, ನಿಂತ ಸರ್ವರ್ ಇದಲ್ಲವೇ ಅಲ್ಲ, ನೋಡಿದ್ರಾ ಎಂದು ಕೂಗಲು ಬಾಯಿ ತೆರೆದೆ. ಎರಡನೆಯದು, ಯಾವಾಗ: ಶುಕ್ರವಾರ, ಏನು: ಹಳೆ ಲಾಗ್ ಅಳಿಸುವ ಕೆಲಸ ನಿಲ್ಲಿಸಲಾಗಿದೆ, ಯಾರು — ನನ್ನ ಹೆಸರು. ಹೌದಲ್ಲ, ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡೋಣವೆಂದು ನಿಲ್ಲಿಸಿದ್ದೆ, ಮತ್ತೆ ಶುರು ಮಾಡಿದೆನೆ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ. ಒಂದು ಕೀಲಿ ಒತ್ತಿದರೆ ಈ ಸಾಲು ಮಾಯ, ಆ ಅಧಿಕಾರವೂ ನನಗೊಬ್ಬಳಿಗೇ, ಅದೇ ಹಳೆಯ ತುಟಿ — ಹುಡುಗಿ ಇನ್ನೂ ಅಲ್ಲೇ, ಅದೇ ಬೆರಳು, ಇನ್ನೊಂದು ಸುತ್ತು.

ಸರ್, ಬನ್ನಿ ಇಲ್ಲಿ, ಡಿಸ್ಕ್ ತುಂಬಿಸಿದ್ದು ನಾನು. ಮ್ಯಾನೇಜರ್ ಎರಡು ಸಲ ಓದಿದರು, ನಿಮ್ಮ ಕಾಲಂ ನಿಮ್ಮನ್ನೇ ಹಿಡೀತಲ್ಲಮ್ಮ, ಹಿಡೀತು ಸರ್, ಚೆನ್ನಾಗಿ ಕೆಲಸ ಮಾಡ್ತಿದೆ, ಉದ್ದಣ್ಣ ಬಿದ್ದು ಬಿದ್ದು ನಗುತ್ತಾನೆ, ನನಗೂ ನಗು, ಎಷ್ಟು ಹಗುರ, ತಮ್ಮನಿಗೆ ಫೋನ್ ಮಾಡಬೇಕು, ಗಾಜು ನಾನೇ ಕಣೋ, ಇನ್ನೊಂದು ಚಹಾ ಬೇಕು, ನಾಲ್ಕಕ್ಕೆ ಬಾಮ್ಮ, ಕೆಲಸ ಖಾಯಂ ಆದ ಆರ್ಡರ್ ತಗೊಂಡು ಹೋಗು, ಎನ್ನುತ್ತಿದ್ದಾರೆ ಮ್ಯಾನೇಜರ್, ಹುಡುಗಿ ದಾರ ಬಿಚ್ಚುತ್ತಿದ್ದಾಳೆ, ಒಂದು ಸುತ್ತು, ಇನ್ನೊಂದು, ಬೆಳ್ಳಗಿದ್ದ ಬೆರಳ ತುದಿಗೆ ಮೆಲ್ಲಗೆ ಕೆಂಪು —