ಖಾಂಪಾನನ ಮಂಡಿ

"ನಾನು ಸತ್ತ ಮೇಲೆ ಈ ಲೋಹದ ಮಂಡಿ ನಿನ್ನದೇ ಕಣಮ್ಮ. ತೆಗೆದು ನೋಡು, ಕ್ರಿಮಿ ಇದೆಯೋ ಇಲ್ವೋ. ನೋಡಿದ್ದನ್ನ ಬುವಾಲೈಗೆ ಹೇಳ್ಬೇಕು. ಹೇಳ್ತೀಯಾ?"

ಹೇಳುತ್ತೇನೆಂದು ನರ್ಸ್ ಅರುಣಿ ಖಾಂಪಾನನಿಗೆ ಮಾತು ಕೊಟ್ಟು ವರ್ಷಗಳೇ ಕಳೆದಿದ್ದವು. ಈಗ ವಿಹಾರದ ಚಿತಾಗಾರದ ಮುಂದೆ ಅವನ ಶವಪೆಟ್ಟಿಗೆಯ ಮುಚ್ಚಳ ತೆಗೆದು, ಭಿಕ್ಕುಗಳು ಶುದ್ಧಿಗೆಂದು ಮುಖಕ್ಕೆ ಎಳನೀರು ಸುರಿಯುತ್ತಿದ್ದರು. ಅರುಣಿ ಅವನ ಹೆಂಡತಿ ಬುವಾಲೈಯ ತೋಳು ಹಿಡಿದು ಕಂಬದ ಮರೆಗೆ ಕರೆದೊಯ್ದಳು.

"ದೊಡ್ಡಮ್ಮ, ಸ್ವಲ್ಪ ಹೊತ್ತು ಕೊಡಿ. ಡಾಕ್ಟ್ರು ಆಸ್ಪತ್ರೆ ಗಾಡೀಲೇ ಇದಾರೆ. ಮಂಡಿ ತೆಗೆದು, ಹೊಲಿದು, ಹಾಗೇ ಮಲಗಿಸ್ತೀವಿ."

"ಕೊಯ್ಯೋದಾ? ಬೇಡಮ್ಮ. ಜೀವಮಾನವೆಲ್ಲ ಮೂರು ಚಕ್ರದ ಗಾಡಿ ತುಳಿದ ಕಾಲು. ಮುಂದಿನ ಜನ್ಮಕ್ಕೂ ಕುಂಟ್ಕೊಂಡೇ ಹೋಗ್ಬೇಕಾ?"

"ಅವರೇ ಹೇಳಿದ್ರು, ದೊಡ್ಡಮ್ಮ."

"ಹೇಳಿರ್ತಾರೆ. ಯಾರೇನು ಕೇಳಿದ್ರೂ ಹೂಂ ಅನ್ನೋ ಮನುಷ್ಯ."

ಖಾಂಪಾನನ ಜೊತೆ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸುತ್ತಿದ್ದ ಸಾವಾತ್ ಬಾಯಿ ಹಾಕಿದ. ಬೆಳಗಿನಿಂದ ಅಕ್ಕಿಸಾರಾಯಿ ಇಳಿಸಿದ್ದ. "ಸುಡಲಿ ಬಿಡಿ ನರ್ಸಮ್ಮ. ಲೋಹ ಎಲ್ಲಿಗ್ ಹೋಗತ್ತೆ, ಬೂದೀಲಿ ಸಿಗತ್ತೆ. ಬೇಡ ಅಂದ್ರೆ ನಂಗ್ ಕೊಡಿ, ನನ್ ಗಾಡಿ ಪೆಡಲ್ಲು ಕಿತ್ತು ಬಂದಿದೆ."

"ತೆಪ್ಪಗಿರೋ," ಎಂದಳು ಬುವಾಲೈ. ನಗುವೂ ಬಂದಿತ್ತು.

"ಬೆಂಕಿ ತಾಗಿದ್ರೆ ಕ್ರಿಮಿ ಎಲ್ಲ ಸತ್ತು ಹೋಗತ್ತೆ, ದೊಡ್ಡಮ್ಮ. ಮೊದ್ಲು ಇತ್ತೋ ಇಲ್ವೋ ಗೊತ್ತಾಗಲ್ಲ."

"ಸಾಯ್ಲಿ! ಇಷ್ಟು ವರ್ಷ ಅವರಿಗೆ ಮಾತ್ರೆ ನುಂಗಿಸಿದ್ದು ಮತ್ಯಾತಕ್ಕೆ?"

ಅರುಣಿ ಹಿಡಿದಿದ್ದ ತೋಳು ಬಿಟ್ಟಳು.

*

ಹೊಸ ಮಂಡಿ ಕೂರಿಸಿದ ವರ್ಷವೇ ಖಾಂಪಾನನಿಗೆ ಕೀವು ಕಟ್ಟಿತ್ತು. ಬುವಾಲೈ ಗಾಯಕ್ಕೆ ಅರಿಶಿನ ಅರೆದು ಹಚ್ಚಿದ್ದಳು. ವಾರ್ಡಿನಲ್ಲಿ ಚಿಕ್ಕ ಡಾಕ್ಟರೊಬ್ಬ ಎಲ್ಲರೆದುರಿಗೇ, "ನೀನೇ ಕ್ರಿಮಿ ಮೆತ್ತಿದ್ದು" ಎಂದುಬಿಟ್ಟ. ಅವಳು ಮತ್ತೆ ಆಸ್ಪತ್ರೆಯ ಗೇಟು ದಾಟಲಿಲ್ಲ, ಮನೆಗೆ ಅರಿಶಿನವನ್ನೂ ತರಲಿಲ್ಲ.

ದೊಡ್ಡ ಡಾಕ್ಟರು ಮಂಡಿಯನ್ನು ಕೀಳದೆ ಒಳಗೇ ತೊಳೆದು, ಖಾಂಪಾನನನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಂಡರು. ಲೋಹಕ್ಕೆ ಅಂಟಿದ ಕ್ರಿಮಿ ಲೋಳೆ ಹೊದ್ದುಕೊಂಡು ವರ್ಷಗಟ್ಟಲೆ ಮಲಗಬಲ್ಲದು, ರಕ್ತ ಪರೀಕ್ಷೆಗೂ ಸಿಗದೆ. ತೊಳೆದು ಉಳಿಸಿದ ಮಂಡಿಯಲ್ಲಿ ಅದು ಸತ್ತಿದೆಯೋ, ಮಲಗಿದೆಯೋ ಎಂಬುದೇ ಅವರ ಪ್ರಶ್ನೆಯಾಗಿತ್ತು.

ತಪಾಸಣೆಗೆ ಬಂದಾಗಲೆಲ್ಲ ಖಾಂಪಾನನೂ ಅದನ್ನೇ ಕೇಳುತ್ತಿದ್ದ. "ಹೋದ್ವಾ, ಮಲಗಿದಾವಾ?"

"ಬಿಚ್ಚಿ ನೋಡದೆ ಹೇಳಕ್ಕಾಗಲ್ಲ ದೊಡ್ಡಪ್ಪ. ನೋವಿಲ್ಲ ಅಲ್ವಾ, ಯಾಕೆ ಚಿಂತೆ?"

"ನಂಗಲ್ಲಮ್ಮ, ಅವಳಿಗೆ. ನಾನು ಮಲಗಿದೀನಿ ಅಂದ್ಕೊಂಡು ಮಂಡಿಗೆ ಕೈಯ ಹಿಂಬದಿ ಇಟ್ಟು ನೋಡ್ತಾಳೆ, ಬಿಸಿ ಇದೆಯಾ ಅಂತ. ದಿನಾ."

*

ಅರುಣಿ ಎಲ್ಲರಂತೆ ಮರದ ಸಿಪ್ಪೆಯಲ್ಲಿ ಮಾಡಿದ, ಚಿತೆಗೆ ಅರ್ಪಿಸುವ ಹೂವನ್ನು ಪೆಟ್ಟಿಗೆಯ ಬಳಿ ಇಟ್ಟು ಕೈಮುಗಿದಳು. ಗಾಡಿಯಲ್ಲಿ ಕಾಯುತ್ತಿದ್ದ ದೊಡ್ಡ ಡಾಕ್ಟರ ಹತ್ತಿರ ಹೋಗಿ, "ಆಗಲ್ಲ ಸರ್, ನೀವು ಹೊರಡಿ" ಎಂದಳು. ಹಿಂದೆ ತಿರುಗಿದಾಗ ಚಿಮಣಿಯಿಂದ ಹೊಗೆ ಎದ್ದಿತ್ತು.

ಮರುದಿನ ಬೆಳಿಗ್ಗೆ ಅಸ್ಥಿ ಆರಿಸಲು ಅವಳೂ ಬಂದಳು. ಬೂದಿಯನ್ನು ಮನುಷ್ಯನ ಆಕಾರಕ್ಕೆ ಹರಡಿ, ತಲೆಯನ್ನು ಪೂರ್ವಕ್ಕೆ ಮಾಡಿದ್ದರು. ಬುವಾಲೈ ಮಂಡಿಯನ್ನು ಹೆಕ್ಕಿ, ಎಳನೀರಲ್ಲಿ ತೊಳೆದು, ಉಟ್ಟಿದ್ದ ಬಟ್ಟೆಯ ಅಂಚಿನಲ್ಲಿ ಉಜ್ಜಿ ಉಜ್ಜಿ ಹೊಳಪು ತಂದಿದ್ದಳು.

"ತಗೋ. ಅವರು ಕೊಡ್ತೀನಿ ಅಂದಿದ್ರಲ್ಲ. ಈಗ ನೋಡಿ ಹೇಳು."

ಸುಟ್ಟ ಮೇಲೆ ಪ್ರಯೋಗಾಲಯದಲ್ಲಿ ಅದನ್ನು ಯಾರೂ ಮುಟ್ಟುವುದೂ ಇಲ್ಲ ಎಂದು ಅರುಣಿಗೆ ಗೊತ್ತಿತ್ತು. ಎರಡೂ ಕೈಯಲ್ಲಿ ತೆಗೆದುಕೊಂಡಳು. ಶಾಖಕ್ಕೆ ಒಂದು ಅಂಚು ನೀಲಿಯಾಗಿತ್ತು. ಬೆಳಕಿಗೆ ಹಿಡಿದು, ತಿರುಗಿಸಿ, ಸಂದುಗಳನ್ನೆಲ್ಲ ನೋಡಿದಳು.

"ಒಂದೂ ಇಲ್ಲ, ದೊಡ್ಡಮ್ಮ."

"ಸರಿಯಾಗಿ ನೋಡ್ದೆಯಾ?"

"ನೋಡ್ದೆ. ಒಂದೂ ಇಲ್ಲ."

ಬುವಾಲೈ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಳು. ಬೂದಿಯ ಮನುಷ್ಯನ ಬಲಗಾಲಿನಲ್ಲಿ ಮಂಡಿ ಇರಬೇಕಾದ ಜಾಗಕ್ಕೆ ಕೈಯ ಹಿಂಬದಿ ಇಟ್ಟು ನೋಡಿದಳು. ತಣ್ಣಗಿತ್ತು.

ಅರುಣಿ ಹೇಳುತ್ತೇನೆಂದಿದ್ದಳು, ಹೇಳಿದ್ದಳು.