ಹಬೆಯಲ್ಲಿ ಉಪ್ಪು

ಹಬೆಗೆ ಉಪ್ಪು ಎಲ್ಲಿಂದ ಬಂತು? ತಪ್ಪು ತನ್ನ ಕೈಯದೋ, ಭಾವ ನೋಡಿಕೊಳ್ಳುವ ಪಾತ್ರೆಯದೋ?

ಅವನು ಗಾಜಿನ ನಳಿಕೆಯನ್ನು ಮತ್ತೆ ಬೆಳಕಿಗೆ ಹಿಡಿದ. ಪರೀಕ್ಷೆಯ ದ್ರಾವಣ ಬಿದ್ದೊಡನೆ ನೀರು ಹಾಲಿನಂತೆ ಬೆಳ್ಳಗಾಗಿತ್ತು, ಉಪ್ಪಿದೆ ಎಂಬುದರ ಗುರುತು. ಈ ಕಾರ್ಖಾನೆಯಲ್ಲಿ ನೆಲದಾಳದಿಂದ ಹಬೆಯೂ ಉಪ್ಪುನೀರೂ ಒಂದೇ ಕೊಳವೆಯಲ್ಲಿ ನುಗ್ಗಿ ಬರುತ್ತವೆ. ಉಕ್ಕಿನ ದೊಡ್ಡ ಪಾತ್ರೆ ಎರಡನ್ನೂ ಬೇರ್ಪಡಿಸಿ ಹಬೆಯನ್ನಷ್ಟೇ ವಿದ್ಯುತ್ ತಯಾರಿಸುವ ಟರ್ಬೈನಿಗೆ ಕಳಿಸಬೇಕು. ಆ ಹಬೆಯನ್ನು ತಣಿಸಿ, ನೀರಾಗಿಸಿ, ಬಾಟಲಿಗೆ ಹಿಡಿಯುವುದು ಅವನ ಕೆಲಸ. ಅದರಲ್ಲಿ ಉಪ್ಪಿದ್ದರೆ ಪಾತ್ರೆ ಬಿಚ್ಚಿ ರಿಪೇರಿ ಮಾಡಬೇಕು. ಭಾವನ ನಾಳೆಯ ರಜೆ ರದ್ದು. ಮದುವೆಯಾದಾಗಿನಿಂದ ಸಮುದ್ರ ತೋರಿಸಿ ಎನ್ನುತ್ತಿದ್ದ ಅಕ್ಕ ಆಗಲೇ ಚೀಲ ಕಟ್ಟಿಟ್ಟಿದ್ದಳು.

"ಏನಪ್ಪಾ ಮೌನಿ, ಇಂಗು ತಿಂದ ಮಂಗನ ಥರ ನಿಂತಿದೀಯಲ್ಲ?" ಭಾವ ಏಣಿಯ ಮೇಲಿಂದ ಕೂಗಿದ. "ನನ್ನ ಪಾತ್ರೆ ಪಾಸೋ ಫೇಲೋ?"

"ಇನ್ನೊಂದ್ಸಲ ಹಿಡೀತೀನಿ ಭಾವ."

"ಹಿಡಿ, ಹಿಡಿ. ರಜೆ ಹೋದ್ರೆ ನಿಮ್ಮಕ್ಕನ ಹತ್ರ ನೀನೇ ಮಾತಾಡು. ನನಗೆ ಜೀವದ ಮೇಲೆ ಆಸೆ ಇದೆ!"

ಕೊಳವೆಯೊಳಗೆ ನಿಂತಿದ್ದ ಹಳೆಯ ನೀರೆಲ್ಲ ಹೋಗುವಂತೆ ಅವನು ಬಹಳ ಹೊತ್ತು ಹಬೆ ಹರಿಯಬಿಟ್ಟ. ಬಾಟಲಿಯನ್ನು ಹೊಸದಾಗಿ ತಣಿದು ಬಂದ ನೀರಿನಿಂದ ತೊಳೆದು ಮತ್ತೆ ಹಿಡಿದ. ಮತ್ತೆ ಬಿಳುಪು.

ಬಗ್ಗಿ ನೋಡಿದ. ಹಬೆ ತಣಿಯುವ ಸುರುಳಿ ಕೊಳವೆ ಐಸಿನ ಬಕೆಟ್ಟಿನಲ್ಲಿ ಮುಳುಗಿತ್ತು. ಅದರ ತುದಿ ಬಕೆಟ್ಟಿನ ತಳ ತೂರಿ ಹೊರಬರುವಲ್ಲಿ ಸುತ್ತ ಬಿಗಿದಿದ್ದ ರಬ್ಬರು ಸಡಿಲವಾಗಿ, ಕೊಳವೆಯ ಹೊರಮೈಗುಂಟ ಹನಿಯೊಂದು ಜಾರಿ ಬಾಟಲಿಗೆ ಬಿತ್ತು. ಸೋರಿದ್ದು ಬರೀ ಐಸಿನ ನೀರಲ್ಲವೇ, ಅದರಲ್ಲಿ ಉಪ್ಪೆಲ್ಲಿಂದ? ಬಕೆಟ್ಟಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ.

ಕಟು ಉಪ್ಪು!

ಬೆಳಗ್ಗೆ ಬಕೆಟ್ಟಿಗೆಂದು ಮನೆಯಿಂದ ಐಸು ಕಟ್ಟಿಕೊಟ್ಟವಳು ಅಕ್ಕ. ಮನೆಯಲ್ಲಿ ಐಸ್‌ಕ್ರೀಮ್ ಮಾಡುವಾಗಲೂ ಚೆನ್ನಾಗಿ ತಣ್ಣಗಾಗಲೆಂದು ಸುತ್ತಲಿನ ಐಸಿಗೆ ಹಿಡಿ ಹಿಡಿ ಉಪ್ಪು ಸುರಿಯುವವಳು. ಅವನಿಗೆ ನಗು ತಡೆಯಲಾಗಲಿಲ್ಲ.

ರಬ್ಬರು ಬಿಗಿದು, ಬಕೆಟ್ಟು ತೊಳೆದು ನಲ್ಲಿ ನೀರು ತುಂಬಿಸಿದ. ಹೊಸ ಬಾಟಲಿ ಹಿಡಿದ. ಈ ಸಲ ನಳಿಕೆಯ ನೀರು ತಿಳಿಯಾಗಿಯೇ ಉಳಿಯಿತು.

"ಪಾಸ್, ಭಾವ! ರಬ್ಬರು ಸೋರ್ತಿತ್ತು, ಅಷ್ಟೇ."

"ಅಬ್ಬಾ! ಮೌನಿ ಬಾಯಿಬಿಟ್ಟು ನಕ್ಕಿದ್ದನ್ನ ಇವತ್ತೇ ನೋಡಿದ್ದು."

ಸಂಜೆ ಬಾಗಿಲಲ್ಲೇ ಅಕ್ಕ ಕೇಳಿದಳು: "ಏನೋ, ನನ್ನ ಐಸು ಕೆಲಸಕ್ಕೆ ಬಂತಾ?"

"ಬಹಳ ತಣ್ಣಗಿತ್ತು ಕಣೇ."

"ಮತ್ತೆ? ನಿಮ್ಮ ಭಾವಂಗೆ ಹೇಳು, ನಾನಿಲ್ಲದಿದ್ರೆ ಆ ಕಾರ್ಖಾನೆ ನಡೆಯಲ್ಲ ಅಂತ."

ಮರುದಿನ ಅವರಿಬ್ಬರೂ ಸಮುದ್ರಕ್ಕೆ ಹೊರಟರು. ಆ ರಜೆಯನ್ನು ಅವಳ ಉಪ್ಪೇ ಇನ್ನೇನು ಕೆಡಿಸುವುದರಲ್ಲಿತ್ತು ಎಂಬುದನ್ನು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.